ದನದ ಹೊಟ್ಟೆಯಲ್ಲಿ ತಂತಿ: ಗಳ, ಡಿಟೆಕ್ಟರ್, ಎಕ್ಸ್‌ರೇ, ಸ್ಕ್ಯಾನಿಂಗ್ ಹೋಲಿಸಿ ನೋಡಿದಾಗ

ನಿನ್ನೆ ಎಂಟು ಲೀಟರ್ ಕೊಟ್ಟ ದನ ಇವತ್ತು ಮೂರಕ್ಕೆ ಇಳಿದಿದೆ. ಮೆಲುಕು ನಿಂತಿದೆ, ಜ್ವರ 103 ಡಿಗ್ರಿ, ಮುಂಗಾಲಿನ ಮೊಣಕೈ ಹೊರಚಾಚಿ ಬೆನ್ನು ಬಿಲ್ಲಾಗಿಸಿ ನಿಂತಿದೆ, ಗುಡ್ಡೆಯಿಂದ ತೋಟಕ್ಕೆ ಇಳಿಯಲು ಒಪ್ಪುವುದಿಲ್ಲ. ಮೇವಿನ ಜೊತೆ ನುಂಗಿದ ತಂತಿ ಹೊಟ್ಟೆ ಚುಚ್ಚಿರಬಹುದು. ಆದರೆ ಕಾಸರಗೋಡಿನ ಬದಿಯಡ್ಕ, ಪೆರ್ಲದ ಹಟ್ಟಿಗಳಲ್ಲಿ ಇದಕ್ಕೆ ಅಜೀರ್ಣದ ಪುಡಿ ಕೊಟ್ಟು ಎರಡು ದಿನ ಕಾಯುವುದುಂಟು. ನೋವು ಸ್ಪಷ್ಟವಾಗಿ ತಿಳಿಯುವುದು ಆ ಎರಡು ದಿನಗಳಲ್ಲೇ.

ಹಿಣಿಲಿನ ಹಿಂದಿನ ಚರ್ಮವನ್ನು ಎರಡೂ ಕೈಯಲ್ಲಿ ಹಿಂಡಿದರೆ ಆರೋಗ್ಯದ ದನ ಬೆನ್ನು ತಗ್ಗಿಸುತ್ತದೆ, ತಂತಿ ಚುಚ್ಚಿದ ದನ ತಗ್ಗಿಸದೆ ನರಳುತ್ತದೆ. ಖರ್ಚಿಲ್ಲ. ಆದರೆ ಕೈಗೆ ಒಗ್ಗದ ಕಾಸರಗೋಡು ಗಿಡ್ಡ ತಳಿಯ ದನ ನೋವಿಲ್ಲದೆಯೂ ಮೈ ಬಿಗಿಹಿಡಿಯುತ್ತದೆ.

ಗಳದ ಪರೀಕ್ಷೆ ಇದಕ್ಕಿಂತ ಮೇಲು. ಐದಾರು ಅಡಿಯ ದುಂಡು ಬಿದಿರು ಬೇಕು. ಅಡಿಕೆ ದಬ್ಬೆ ಬೇಡ, ಅದರ ಅಂಚೇ ಚುಚ್ಚಿ ಸುಳ್ಳು ನರಳಿಕೆ ಬರುತ್ತದೆ. ಇಬ್ಬರು ಎರಡು ಬದಿ ನಿಂತು ಗಳವನ್ನು ಎದೆಮೂಳೆಯ ತುದಿಯಲ್ಲಿ ನಿಧಾನವಾಗಿ ಎತ್ತಿ ತಟ್ಟನೆ ಬಿಡಬೇಕು, ಪ್ರತಿ ಸಲ ಒಂದು ಗೇಣು ಹಿಂದಕ್ಕೆ ಸರಿಸುತ್ತಾ ಹೊಕ್ಕುಳಿನವರೆಗೆ. ಮೂರನೆಯವರು ಶ್ವಾಸನಾಳಕ್ಕೆ ಸ್ಟೆತಾಸ್ಕೋಪ್ ಒತ್ತಿರಬೇಕು, ಏಕೆಂದರೆ ನರಳಿಕೆ ಎಷ್ಟೋ ಸಲ ಬರಿಗಿವಿಗೆ ಕೇಳದು. ಎದೆಯ ಹತ್ತಿರ ಮಾತ್ರ ನರಳಿದರೆ ಅನುಮಾನ ಗಟ್ಟಿ. ನಾಲ್ಕೈದು ದಿನ ಕಳೆದರೆ ನೋವು ತಗ್ಗಿ ಈ ಪರೀಕ್ಷೆಯೂ ಕೈಕೊಡುತ್ತದೆ.

ಮೆಟಲ್ ಡಿಟೆಕ್ಟರ್ ನೋಡಲು ಚೆಂದ, ನಂಬಿಕೆಗೆ ಕಡಿಮೆ. ಆರೋಗ್ಯವಾಗಿರುವ ದನದ ಹೊಟ್ಟೆಯಲ್ಲೂ ಮೊಳೆ, ಬೈಂಡಿಂಗ್ ವೈರ್ ತುಂಡು ಇರುತ್ತವೆ. ಅದು ಕಬ್ಬಿಣ ಇದೆ ಎನ್ನುತ್ತದೆ, ಚುಚ್ಚಿದೆಯೇ ಎಂದು ಹೇಳದು. ಇದರ ಬಲದ ಮೇಲೆ ಹೊಟ್ಟೆ ಕೊಯ್ಯಿಸಬಾರದು.

ಎಕ್ಸ್‌ರೇಯಲ್ಲಿ ತಂತಿ ಕಾಣುತ್ತದೆ. ಆದರೆ ದೊಡ್ಡ ಮಿಶ್ರತಳಿ ದನದ ಎದೆ ದಾಟಲು ಬಲವಾದ ಯಂತ್ರ ಬೇಕು, ಕೈಯಲ್ಲಿ ಒಯ್ಯುವ ಯಂತ್ರ ಸಾಲದು. ಸ್ಕ್ಯಾನಿಂಗ್‌ನಲ್ಲಿ (ಅಲ್ಟ್ರಾಸೌಂಡ್) ಸಾಮಾನ್ಯವಾಗಿ ತಂತಿ ಕಾಣದು, ಅದು ಮಾಡಿದ ಗಾಯ ಕಾಣುತ್ತದೆ. ಎದೆಯಡಿ ಕೂದಲು ಬೋಳಿಸಿ 3.5 ಮೆಗಾಹರ್ಟ್ಸ್ ಪ್ರೋಬ್ ಇಟ್ಟರೆ, ನಿಮಿಷಕ್ಕೆ ಸುಮಾರು ಒಮ್ಮೆ ಸಂಕೋಚಿಸಬೇಕಾದ ಜೇನುಗೂಡು ಹೊಟ್ಟೆ (ದನದ ಹೊಟ್ಟೆಯಲ್ಲಿ ತಂತಿ ಸಿಲುಕುವ ಭಾಗ) ನಿಧಾನವಾದದ್ದು, ಅಂಟಿಕೊಂಡದ್ದು, ಸುತ್ತ ಕೀವು ಕಟ್ಟಿದ್ದು ತಿಳಿಯುತ್ತದೆ. ವಾರ ದಾಟಿದ ದನಕ್ಕೆ ನಮ್ಮ ಆಯ್ಕೆ ಇದೇ.

ಕುತ್ತಿಗೆಯ ರಕ್ತನಾಳ ಹಗ್ಗದಂತೆ ಉಬ್ಬಿ, ಗಂಗೆದೊಗಲಿನಲ್ಲಿ ನೀರು ತುಂಬಿದ್ದರೆ ತಂತಿ ಹೃದಯದ ಚೀಲಕ್ಕೆ ತಲುಪಿರುವ ಸಾಧ್ಯತೆ ಹೆಚ್ಚು. ಆಗ ಗಳ ಎತ್ತಿ ದನಕ್ಕೆ ಹಿಂಸೆ ಕೊಡಬೇಡಿ, ಡಾಕ್ಟರನ್ನು ಕರೆಯಿರಿ.

ಗಳದಲ್ಲಿ ನರಳಿದ ದನಕ್ಕೆ ತಂತಿಯನ್ನು ಹಿಡಿದಿಡುವ ಆಯಸ್ಕಾಂತ ನುಂಗಿಸುವ ಮೊದಲು ಎಡ ಮೊಣಕೈ ಹಿಂದೆ ದಿಕ್ಸೂಚಿ ಹಿಡಿಯಿರಿ. ಮುಳ್ಳು ತಿರುಗಿದರೆ ಹಿಂದಿನ ಮಾಲೀಕರು ಕೊಟ್ಟ ಆಯಸ್ಕಾಂತ ಒಳಗಿದೆ, ಇನ್ನೊಂದು ಬೇಡ.