ಹಳೇ ಲ್ಯಾಪ್‌ಟಾಪಿನಲ್ಲಿ ಡೆಬಿಯನ್ 13 ಮತ್ತು ಎಕ್ಸ್‌ಎಫ್‌ಸಿಇ

ನಾಲ್ಕು ಜಿಬಿ ರ‍್ಯಾಮ್, ಎರಡು ಕೋರಿನ ಪ್ರೊಸೆಸರ್, ಆಮೇಲೆ ಹಾಕಿಸಿದ ಎಸ್‌ಎಸ್‌ಡಿ: ಇಷ್ಟು ನನ್ನ ಲ್ಯಾಪ್‌ಟಾಪು. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇದರಲ್ಲಿಲ್ಲ. ಹಾಗಾಗಿ ಡೆಬಿಯನ್ 13 ಎಂಬ ಲಿನಕ್ಸ್ ಹಾಕಿ, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪಿನಲ್ಲಿ ದಿನದ ಕೆಲಸವನ್ನೆಲ್ಲ ಮಾಡಿಕೊಳ್ಳುತ್ತಿದ್ದೇನೆ.

ಹಗುರ ಲಿನಕ್ಸ್ ಅಂದಕೂಡಲೇ ಸುಮ್ಮನಿದ್ದಾಗ ಎಷ್ಟು ಎಂಬಿ ಮೆಮೊರಿ ತಿನ್ನುತ್ತದೆ ಎಂದೇ ಎಲ್ಲರೂ ನೋಡುತ್ತಾರೆ. ನಾನು ಮೊದಲು ನೋಡುವುದು ಭದ್ರತೆಯ ತೇಪೆಗಳನ್ನು ಯಾರು ಕಳಿಸುತ್ತಾರೆ, ಎಲ್ಲಿಯವರೆಗೆ ಕಳಿಸುತ್ತಾರೆ ಎಂಬುದನ್ನು. ಒಬ್ಬಿಬ್ಬರು ಬಿಡುವಿನ ವೇಳೆಯಲ್ಲಿ ನಡೆಸುವ ಪುಟ್ಟ ಡಿಸ್ಟ್ರೋಗಳ (ಲಿನಕ್ಸ್‌ನ ಬೇರೆಬೇರೆ ರೂಪಗಳ) ಮೇಲೆ ನನಗೆ ಪ್ರೀತಿಯಿದೆ, ಆದರೆ ಬ್ಯಾಂಕಿನ ಪಾಸ್‌ವರ್ಡ್ ಟೈಪ್ ಮಾಡುವ ಯಂತ್ರಕ್ಕೆ ಅವನ್ನು ಹಾಕಲಾರೆ. ಡೆಬಿಯನ್‌ಗೆ ಅದರದೇ ಭದ್ರತಾ ತಂಡವಿದೆ. 2025ರ ಆಗಸ್ಟ್‌ನಲ್ಲಿ ಬಂದ ಈ ಆವೃತ್ತಿಗೆ ಮೂರು ವರ್ಷ ಪೂರ್ಣ ಬೆಂಬಲ, ಅದರ ಮೇಲೆ ಎರಡು ವರ್ಷ ದೀರ್ಘಾವಧಿ ಬೆಂಬಲ.

ಇನ್‌ಸ್ಟಾಲ್ ಮಾಡುವಾಗಲೇ ಡಿಸ್ಕ್ ಪೂರ್ತಿ ಎನ್‌ಕ್ರಿಪ್ಟ್ ಮಾಡುವ (ಪಾಸ್‌ವರ್ಡ್ ಇಲ್ಲದೆ ಓದಲಾಗದಂತೆ ಮಾಡುವ) ಆಯ್ಕೆ ಸಿಗುತ್ತದೆ, ಅದನ್ನೇ ಆರಿಸಿ. ಲ್ಯಾಪ್‌ಟಾಪ್ ಕಳುವಾದರೆ ಕಾಯುವುದು ಅದೊಂದೇ. ರೂಟ್ (ಮುಖ್ಯ ಆಡಳಿತ ಖಾತೆ) ಪಾಸ್‌ವರ್ಡ್ ಕೇಳಿದಾಗ ಖಾಲಿ ಬಿಟ್ಟರೆ ನಿಮ್ಮ ಖಾತೆಗೇ ಸುಡೋ, ಅಂದರೆ ಆಡಳಿತದ ಕೆಲಸ ಮಾಡುವ, ಅಧಿಕಾರ ಸಿಗುತ್ತದೆ. ಮನೆಯ ಕಂಪ್ಯೂಟರಿಗೆ ಅದೇ ಅನುಕೂಲ. ಪ್ರೋಗ್ರಾಮುಗಳಿಗೆ ಮಿತಿ ಹಾಕುವ ಆಪ್‌ಆರ್ಮರ್ ಮೊದಲೇ ಚಾಲೂ ಇರುತ್ತದೆ. ಫೈರ್‌ವಾಲ್ ಮಾತ್ರ ಯಾವ ನಿಯಮವೂ ಇಲ್ಲದೆ ಬರುತ್ತದೆ, ಅದನ್ನು ಮೌಸಿನಿಂದಲೇ ನಡೆಸಲು ಬಿಡುವ ಜಿಯುಎಫ್‌ಡಬ್ಲ್ಯೂ ಹಾಕಿಕೊಂಡು ಆನ್ ಮಾಡಬೇಕು. ತೇಪೆಗಳನ್ನು ತಾನೇ ಹಾಕುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಪ್ಯಾಕೇಜ್ ಇದೆಯೇ, ಚಾಲೂ ಇದೆಯೇ ಎಂದೂ ನೋಡಿಕೊಳ್ಳಿ.

ಡೆಸ್ಕ್‌ಟಾಪ್ ತೆರೆದಾಗ ಮೆಮೊರಿ ಒಂದು ಜಿಬಿಯೊಳಗೇ ಇರುತ್ತದೆ. ಆದರೆ ಫೈರ್‌ಫಾಕ್ಸಿನಲ್ಲಿ ಹತ್ತು ಟ್ಯಾಬ್ ತೆರೆದರೆ ಆ ಉಳಿತಾಯವೆಲ್ಲ ಕರಗಿಹೋಗುತ್ತದೆ. ಎಷ್ಟೇ ಹಗುರದ ಡಿಸ್ಟ್ರೋ ಆದರೂ ಬ್ರೌಸರನ್ನು ಹಗುರ ಮಾಡಲಾರದು. ಝಡ್‌ರ‍್ಯಾಮ್ ಹಾಕಿದ ಮೇಲೆ ನನಗೆ ತಡವರಿಕೆ ಬಹಳ ಕಡಿಮೆಯಾಯಿತು: ಅದು ಮೆಮೊರಿಯಲ್ಲಿ ಸದ್ಯ ಬಳಸದ ಭಾಗವನ್ನು ಕುಗ್ಗಿಸಿ ರ‍್ಯಾಮಿನಲ್ಲೇ ಇಡುತ್ತದೆ. ಇನ್ನೊಂದು ವಿಷಯ ಹಲವರ ಗಮನಕ್ಕೆ ಬರುವುದೇ ಇಲ್ಲ. ಡೆಬಿಯನ್ 13ರಿಂದ ತಾತ್ಕಾಲಿಕ ಫೈಲುಗಳ ಟಿಎಂಪಿ ಫೋಲ್ಡರ್ ಡಿಸ್ಕಿನಲ್ಲಿಲ್ಲ, ರ‍್ಯಾಮಿನಲ್ಲಿದೆ. ಅರ್ಧದಷ್ಟು ಮೆಮೊರಿಯವರೆಗೆ ಬೆಳೆಯಬಹುದು. ದೊಡ್ಡ ಫೈಲುಗಳನ್ನು ಅಲ್ಲಿ ಬಿಚ್ಚುವ ಅಭ್ಯಾಸವಿದ್ದರೆ ನಾಲ್ಕು ಜಿಬಿ ಯಂತ್ರ ಉಸಿರು ಕಟ್ಟುತ್ತದೆ. ಹಾಗೆ ಜೋಡಿಸುವ ಟಿಎಂಪಿ ಮೌಂಟ್ ಯುನಿಟ್ಟನ್ನು ಮಾಸ್ಕ್ ಮಾಡಿ (ಚಾಲೂ ಆಗದಂತೆ ತಡೆದು) ರೀಬೂಟ್ ಮಾಡಿದರೆ ಅದು ಮತ್ತೆ ಡಿಸ್ಕಿಗೇ ಹೋಗುತ್ತದೆ.

ನನಗೆ ಸಮಾಧಾನವಿಲ್ಲದ ಸಂಗತಿ ಒಂದಿದೆ. ಎಕ್ಸ್‌ಎಫ್‌ಸಿಇ ಇಲ್ಲಿ ಇನ್ನೂ ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಮೇಲೆಯೇ ಓಡುತ್ತದೆ. ಅದರಲ್ಲಿ ಒಂದು ಅಪ್ಲಿಕೇಶನ್ ಇನ್ನೊಂದರ ಕೀಲಿ ಒತ್ತುಗಳನ್ನು ಕದ್ದು ಕೇಳಬಹುದು. ಅದರ ಬದಲಿಗೆ ಬಂದ ಹೊಸ ವ್ಯವಸ್ಥೆ ವೇಲ್ಯಾಂಡ್‌ನ ಬೆಂಬಲ ಎಕ್ಸ್‌ಎಫ್‌ಸಿಇ 4.20ರಲ್ಲಿ ಪ್ರಯೋಗದ ಹಂತದಲ್ಲಷ್ಟೇ ಇದೆ. ಆದ್ದರಿಂದ ಡೆಬಿಯನ್ ಭಂಡಾರದ ಹೊರಗಿನ ಪ್ರೋಗ್ರಾಮುಗಳನ್ನು ನಾನು ಹಾಕುವುದೇ ಇಲ್ಲ. ಎಂಟು ಜಿಬಿ ಇರುವವರು ವೇಲ್ಯಾಂಡ್ ಇರುವ ಗ್ನೋಮ್ ಡೆಸ್ಕ್‌ಟಾಪ್ ಆರಿಸಲಿ.

32 ಬಿಟ್ ಯಂತ್ರವಿದ್ದರೆ ಇದು ಆಗದು, 13ಕ್ಕೆ ಅದರ ಇನ್‌ಸ್ಟಾಲರೇ ಇಲ್ಲ. ಟರ್ಮಿನಲ್ ಕಂಡರೆ ಹೆದರುವವರಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ಹೇಳುತ್ತೇನೆ. ಅಪ್‌ಡೇಟ್ ಮ್ಯಾನೇಜರ್ ಅಚ್ಚುಕಟ್ಟಾಗಿದೆ, ಏನಾದರೂ ಕೆಟ್ಟರೆ ಹಿಂದಿನ ಸ್ಥಿತಿಗೆ ಮರಳಲು ಟೈಮ್‌ಶಿಫ್ಟ್ ಜೊತೆಗೇ ಬರುತ್ತದೆ.