ಕೇಳಿದ ಮಾತನ್ನೇ ಮತ್ತೆ ಕೇಳಿಸುವ ಆಟ

ಈ ಮಳೆಗಾಲದಲ್ಲಿ ನಾನು ಆಡಿ ಮುಗಿಸಿದ್ದು ಒಂದೇ ಗೇಮ್, ‘ಇನ್ ಸ್ಟಾರ್ಸ್ ಅಂಡ್ ಟೈಮ್’. ಹೊಸನಗರದ ಕಡೆಯ ನಮ್ಮೂರಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಯೋಕೂ ಹೊಳವು ಸಿಗದಷ್ಟು ಮಳೆ. ರಾತ್ರಿ ಕರೆಂಟ್ ಇದ್ದಾಗೆಲ್ಲ ಲ್ಯಾಪ್‌ಟಾಪ್ ಹಿಡಿದು ಕೂತೆ. ಮೂರು ವಾರ ಹಿಡಿಯಿತು.

2023ರ ನವೆಂಬರ್‌ನಲ್ಲಿ ಬಂದ ಆರ್‌ಪಿಜಿ, ಅಂದರೆ ಒಂದು ಪಾತ್ರವಾಗಿ ಕತೆಯೊಳಗೆ ಆಡುವ ಗೇಮ್ ಇದು. ಮಾಡಿದವರು ಇನ್ಸರ್ಟ್‌ಡಿಸ್ಕ್5 ಎಂಬ ಹೆಸರಿನಲ್ಲಿ ಕೆಲಸ ಮಾಡುವ ಕಲಾವಿದೆ. ಚಿತ್ರವೆಲ್ಲ ಕಪ್ಪು-ಬಿಳುಪು. ವೋಗಾರ್ಡ್ ಎಂಬ ದೇಶದಲ್ಲಿ ಒಬ್ಬ ರಾಜ ಕಾಲವನ್ನೇ ನಿಲ್ಲಿಸುತ್ತಾ ಬರುತ್ತಿದ್ದಾನೆ; ಜನ ನಿಂತಲ್ಲೇ ನಿಂತುಬಿಡುತ್ತಾರೆ. ಅವನನ್ನು ಎದುರಿಸಲು ಹೊರಟ ಐವರು ಡೋರ್ಮಾಂಟ್ ಎಂಬ ಊರು ತಲುಪಿದ್ದಾರೆ, ನಾಳೆಯೇ ಕೊನೆಯ ಕಾಳಗ. ಬೇರೆ ಗೇಮ್‌ಗಳು ಮುಗಿಯೋ ಹೊತ್ತಿಗೆ ಇದು ಶುರುವಾಗುತ್ತದೆ. ಐವರಲ್ಲಿ ನಾವು ಆಡುವ ಪಾತ್ರ ಸಿಫ್ರಿನ್. ಸಿಫ್ರಿನ್ ಸತ್ತರೆ ಮತ್ತೆ ಹಿಂದಿನ ದಿನದ ಅದೇ ಹುಲ್ಲುಗಾವಲಲ್ಲಿ ಎಚ್ಚರ. ನಡೆದದ್ದೆಲ್ಲ ನೆನಪಿರುವುದು ಸಿಫ್ರಿನ್‌ಗೆ ಮಾತ್ರ. ಮಿರಾಬೆಲ್, ಇಸಾಬೋ, ಓಡೀಲ್, ಪುಟಾಣಿ ಬೊನ್ನಿ, ಈ ನಾಲ್ವರಿಗೂ ಅದು ಮೊದಲನೇ ಸಲ.

ಕಾಳಗ ಕಲ್ಲು-ಕಾಗದ-ಕತ್ತರಿಯ ಲೆಕ್ಕದಲ್ಲಿ. ಎದುರಾಳಿಯ ಕೈ ನೋಡಿದರೆ ಅದು ಯಾವ ಜಾತಿ ಅಂತ ತಿಳಿಯುತ್ತದೆ. ಅರ್ಧ ಗಂಟೆಯಲ್ಲಿ ಕಲಿತೆ, ಸಾಕಷ್ಟು ಚೆನ್ನಾಗಿದೆ.

ನನ್ನನ್ನು ಹಿಡಿದು ಕೂರಿಸಿದ್ದು ಬೇರೆ. ಒಮ್ಮೆ ಕೇಳಿದ ಮಾತು ಮುಂದಿನ ಸುತ್ತಿನಲ್ಲಿ ಬಂದಾಗ, ಸಿಫ್ರಿನ್ ಅದನ್ನು ಕಿವಿಗೆ ಹಾಕಿಕೊಳ್ಳದೆ ಎಲ್ಲೋ ನೋಡುತ್ತಾ ದಾಟಿಸಿಬಿಡುವ ಆಯ್ಕೆ ಕೊಟ್ಟಿದ್ದಾರೆ. ಮೊದಮೊದಲು ಖುಷಿಯಿಂದ ಒತ್ತಿದೆ. ಹತ್ತನೇ ಸುತ್ತಿನ ಹೊತ್ತಿಗೆ ಕೈ ತಡೆಯಿತು. ಎದುರಿಗಿರುವ ಇಸಾಬೋ ಎಷ್ಟು ಅಕ್ಕರೆಯಿಂದ ಮಾತಾಡುತ್ತಾನೆ, ನಾನು ಮುಖ ನೋಡದೆ ಹೂಂಗುಟ್ಟುತ್ತಿದ್ದೇನೆ.

ನಮ್ಮ ಅಜ್ಜಿಗೆ ಎರಡು ವರ್ಷದಿಂದ ಮರೆವು. ಸಂಜೆಯಾದರೆ ಜಗಲಿಯಿಂದ, “ಕೂಸೇ, ಬಸ್ಸು ಬಂತಾ?” ಅಂತಾರೆ. ಬಂತು ಅಜ್ಜಿ, ಅಪ್ಪಯ್ಯ ಒಳಗೇ ಇದಾರೆ ಅಂತೀನಿ. ಸಮಾಧಾನವಾಗುತ್ತದೆ. ಹತ್ತು ನಿಮಿಷಕ್ಕೆ ಮತ್ತೆ, “ಕೂಸೇ, ಬಸ್ಸು ಬಂತಾ?” ಪ್ರತಿ ಸಲವೂ ಅವರ ದನಿಯಲ್ಲಿ ಮೊದಲ ಸಲದ್ದೇ ಆತಂಕ. ನಾನು ಎಷ್ಟೋ ಸಂಜೆ ಫೋನಿನಿಂದ ತಲೆ ಎತ್ತದೆ ಹೂಂ ಅಂದಿದ್ದೇನೆ. ಸಿಫ್ರಿನ್ ನಗುಮುಖ ಹೊತ್ತು ಅದೇ ತಮಾಷೆಗೆ ಅದೇ ಜಾಗದಲ್ಲಿ ನಗೋದನ್ನು ನೋಡುವಾಗ ಎದೆ ಹಿಂಡಿತು. ಒಬ್ಬರೇ ನೆನಪು ಹೊತ್ತುಕೊಂಡಾಗಿನ ಆ ದಣಿವನ್ನು, ಅದರ ಜೊತೆಗೇ ಬರುವ ಸಿಟ್ಟನ್ನು, ಆಮೇಲಿನ ನಾಚಿಕೆಯನ್ನು ಇಷ್ಟು ಸರಿಯಾಗಿ ಹಿಡಿದದ್ದನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಕೊರತೆಯೂ ಇದೆ. ಮೂರನೇ ಅಂಕ ಬಹಳ ಉದ್ದ. ಒಂದು ಸಣ್ಣ ಸುಳಿವು ಬೇಕೆಂದು ರಾಜ ಇರುವ ಆ ಇಡೀ ಮನೆಯ ಅದೇ ಕೋಣೆಗಳನ್ನು ಮತ್ತೆ ಸುತ್ತಬೇಕು. ಆ ಬೇಸರ ಬೇಕೆಂದೇ ಇಟ್ಟದ್ದು ಅನ್ನೋದು ನನಗೆ ಅರ್ಥವಾಗುತ್ತದೆ, ಆದರೂ ಇನ್ನೊಂದಿಷ್ಟು ಕತ್ತರಿಸಬಹುದಿತ್ತು. ಎರಡು ದಿನ ಮುಟ್ಟದೇ ಬಿಟ್ಟಿದ್ದೆ. ಮಾತಂತೂ ರಾಶಿ ರಾಶಿ, ಎಲ್ಲ ಇಂಗ್ಲಿಷಿನಲ್ಲಿ. ಓದೋಕೆ ತಾಳ್ಮೆ ಇಲ್ಲದವರಿಗೆ ಇದು ಬೇಡ. ಕತೆ ಮುಂದೆ ಹೋದಂತೆ ತನ್ನನ್ನೇ ನೋಯಿಸಿಕೊಳ್ಳುವ, ಸಾಯುವ ಯೋಚನೆಗಳು ಬರುತ್ತವೆ. ಮನಸ್ಸು ಸರಿಯಿಲ್ಲದ ದಿನಗಳಲ್ಲಿ ದಯವಿಟ್ಟು ಆಡಬೇಡಿ.

ಬೊನ್ನಿ ಎಲ್ಲರನ್ನೂ ಕೂರಿಸಿ ತಿಂಡಿ ಕೊಡುವ ಜಾಗಗಳು ನನಗೆ ಬಲು ಇಷ್ಟ. ಅವನ್ನು ಮಾತ್ರ ನಾನು ಒಂದು ಸಲವೂ ದಾಟಿಸಲಿಲ್ಲ.

ವಿಂಡೋಸ್ ಕಂಪ್ಯೂಟರ್, ನಿಂಟೆಂಡೊ ಸ್ವಿಚ್, ಪ್ಲೇಸ್ಟೇಷನ್ 4 ಮತ್ತು 5ರಲ್ಲಿ ಸಿಗುತ್ತದೆ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಎಲ್ಲೂ ತಡವರಿಸಲಿಲ್ಲ. ಇಷ್ಟು ದೊಡ್ಡದು ಬೇಡ, ಮೊದಲು ರುಚಿ ನೋಡ್ತೀನಿ ಅನ್ನುವವರಿಗೆ ಇದಕ್ಕೂ ಮುಂಚೆ 2021ರಲ್ಲಿ ಬಂದ ‘ಸ್ಟಾರ್ಟ್ ಅಗೇನ್’ ಎಂಬ ಪುಟ್ಟ ಮುನ್ನುಡಿ ಗೇಮ್ ಇದೆ. ಇವರೇ ಐವರು, ಇದೇ ಕಪ್ಪು-ಬಿಳುಪು. ಒಂದು ಭಾನುವಾರ ಸಾಕು. ಚಾರ್ಜ್ ತುಂಬಿಸಿಕೊಂಡು ಕೂರಿ.