ಮನಸ್ಸು ಬಿಚ್ಚಿ ಮಾತಾಡಿಸೋ ಪ್ರಶ್ನೆ ಕಾರ್ಡ್‌ಗಳು: ತಗೊಳ್ಳಿ, ಆದ್ರೆ ಯಾರ ಜೊತೆ ಕೂರ್ತೀರಾ ನೋಡ್ಕೊಳ್ಳಿ

ಗಂಡ ಹೆಂಡತಿ ಕೂತ್ಕೊಂಡು ಒಬ್ಬರಿಗೊಬ್ಬರು ಪ್ರಶ್ನೆ ಕೇಳೋ ಕಾರ್ಡ್ ಸೆಟ್‌ಗಳು ಈಗ ಆನ್‌ಲೈನಲ್ಲಿ ಬೇಕಾದಷ್ಟು ಸಿಗುತ್ತೆ. ಅಂಥದ್ದೊಂದು ತರಿಸಿದ್ವಿ, ನಾನೂ ನಮ್ಮ ಯಜಮಾನ್ರೂ ಆಗಾಗ ತೆಗೀತಿರ್ತೀವಿ, ಅದಕ್ಕೇ ಈ ರಿವ್ಯೂ.

ಮೊದಲು ಕೊರತೆ ಹೇಳ್ಬಿಡ್ತೀನಿ. ಕಾರ್ಡ್‌ಗಳಿಗೆ ಕ್ರಮಾನೇ ಇಲ್ಲ, ಎಲ್ಲಾ ಕಲಸಿ ಇಟ್ಟಿದಾರೆ. ಆರ್ಥರ್ ಆರನ್ ಅನ್ನೋ ಮನಶ್ಶಾಸ್ತ್ರಜ್ಞರು ತಮ್ಮ ತಂಡದ ಜೊತೆ 1997ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ರು, ಪರಿಚಯ ಇಲ್ಲದ ಇಬ್ಬರನ್ನ ಕೂರಿಸಿ 36 ಪ್ರಶ್ನೆ ಕೊಟ್ಟು, ಅದನ್ನ ಮೂರು ಗುಂಪು ಮಾಡಿ ಒಂದೊಂದಕ್ಕೆ 15 ನಿಮಿಷ ಅಂತ. ಫೋನ್ ಮಾಡೋಕೆ ಮುಂಚೆ ಏನ್ ಹೇಳ್ಬೇಕು ಅಂತ ಮನಸ್ಸಲ್ಲೇ ಪ್ರಾಕ್ಟೀಸ್ ಮಾಡ್ಕೋತೀರಾ ಅನ್ನೋಂಥ ಹಗುರ ಪ್ರಶ್ನೆಯಿಂದ ಶುರುವಾಗಿ ನಿಧಾನಕ್ಕೆ ಆಳಕ್ಕೆ ಹೋಗುತ್ತೆ. ಬರೀ ಲೋಕಾಭಿರಾಮ ಮಾತಾಡಿದ ಜೋಡಿಗಳಿಗಿಂತ ಇವ್ರಿಗೆ ಜಾಸ್ತಿ ಆತ್ಮೀಯತೆ ಅನ್ನಿಸ್ತಂತೆ. ಅಲ್ಲಿ ಮುಖ್ಯ ಆಗಿದ್ದೇ ಮೆಟ್ಟಿಲು ಮೆಟ್ಟಿಲಾಗಿ ಹೋಗೋದು, ಇಬ್ಬರೂ ಹೇಳ್ಕೊಳ್ಳೋದು. ಈ ಸೆಟ್‌ನಲ್ಲಿ ಮೊದಲ ಕಾರ್ಡೇ 'ನಿನ್ನ ದೊಡ್ಡ ಭಯ ಏನು' ಅಂತ ಬಂದ್ರೆ ಯಾರಿಗಾದ್ರೂ ಬಾಯಿ ಕಟ್ಟುತ್ತೆ. ನಾನು ಪೆನ್ಸಿಲಲ್ಲಿ ಗುರುತು ಹಾಕಿ ಬೇರೆ ಬೇರೆ ಮಾಡಿಟ್ಟಿದೀನಿ, ಆಮೇಲೆ ಸರಿಹೋಯ್ತು.

ಕೆಲಸ ಮಾಡುತ್ತಾ ಅಂದ್ರೆ, ಮಾಡುತ್ತೆ. ಕೊನೇ ಸಲ ಅತ್ತಿದ್ದು ಯಾವಾಗ ಅನ್ನೋ ಕಾರ್ಡ್ ನಮ್ಮ ಯಜಮಾನ್ರ ಕೈಗೆ ಬಂತು. ಕಾರ್ಡನ್ನ ಹಿಂದೆ ಮುಂದೆ ತಿರುಗಿಸ್ತಾ ಕೂತಿದ್ರು, ಆಮೇಲೆ ಅವರಪ್ಪಂಗೆ ಆಪರೇಷನ್ ಆದ ರಾತ್ರಿ ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ಅತ್ತಿದ್ದು ಅಂದ್ರು. "ಯಾಕ್ರೀ, ನಂಗೆ ಹೇಳ್ಬಾರ್ದಿತ್ತಾ?" ಅಂದೆ. "ನಾನೇ ಅತ್ರೆ ನೀನು ಇನ್ನೂ ಹೆದರ್ತಿದ್ದೆ ಕಣೇ" ಅಂದ್ರು. ಆ ದಿನಗಳಲ್ಲಿ ಅವರು ಮಾತು ಮಾತಿಗೂ ಸಿಡುಕ್ತಿದ್ದಿದ್ದು, ನಂಗೆ ಸುಮ್ನೆ ಎದೆ ಭಾರ ಅನ್ನಿಸ್ತಿದ್ದಿದ್ದು ಎಲ್ಲಾ ಆಗ ಅರ್ಥ ಆಯ್ತು. ಭಾವನೆ ಅದುಮಿಟ್ಕೊಂಡು ಮಾತಾಡೋರ ಎದುರಿಗೆ ಕೂತಿರೋರ ಬಿಪಿ ಕೂಡ ಏರುತ್ತೆ ಅಂತ 2003ರ ಒಂದು ಅಧ್ಯಯನದಲ್ಲಿ ಕಂಡುಬಂದಿದೆ, ಅಂದ್ರೆ ಮುಚ್ಚಿಟ್ಟು ಇನ್ನೊಬ್ಬರನ್ನ ಕಾಪಾಡ್ತೀವಿ ಅಂದ್ಕೊಳ್ಳೋದು ಪೂರ್ತಿ ನಿಜ ಅಲ್ಲ.

ಆದ್ರೆ ಬಾಕ್ಸ್ ಮೇಲೆ ಬರೆಯದೇ ಇರೋ ಮಾತೊಂದಿದೆ, ನನ್ನ ಪ್ರಕಾರ ಅದೇ ಎಲ್ಲಕ್ಕಿಂತ ಮುಖ್ಯ. ಹೇಳೋರ ಧೈರ್ಯ ಅರ್ಧ ಅಷ್ಟೇ, ಉಳಿದಿದ್ದೆಲ್ಲ ಕೇಳೋರ ಕೈಲಿರುತ್ತೆ. ತಕ್ಷಣ ಬುದ್ಧಿ ಹೇಳೋಕೆ ಹೋದ್ರೆ, 'ಇಷ್ಟಕ್ಕೆಲ್ಲಾ ಅಳ್ತಾರಾ' ಅಂದ್ರೆ, ಆ ಬಾಗಿಲು ಮತ್ತೆ ತೆಗೆಯೋದು ಕಷ್ಟ. ಇವತ್ತು ಹೇಳ್ಕೊಂಡಿದ್ದನ್ನ ನಾಳೆ ಜಗಳದಲ್ಲಿ ಎತ್ತಿ ಆಡೋರ ಜೊತೆ, ನಾಲ್ಕು ಜನರ ಮುಂದೆ ನಗೆಪಾಟಲು ಮಾಡೋರ ಜೊತೆ ದಯವಿಟ್ಟು ಈ ಕಾರ್ಡ್ ತೆಗೀಬೇಡಿ, ಅಲ್ಲಿ ಮನಸ್ಸು ಮುಚ್ಚಿಟ್ಕೊಳ್ಳೋದೇ ಸರಿ. ಹೊಡೆತ ಬಡಿತ ಇರೋ ಮನೆಗಂತೂ ಇದು ಪರಿಹಾರ ಅಲ್ವೇ ಅಲ್ಲ, ನಂಬಿಕಸ್ತರ ಸಹಾಯ ತಗೋಬೇಕು.

'ಈ ಪ್ರಶ್ನೆ ಬೇಡ' ಅನ್ನೋಕೂ ಒಂದು ಕಾರ್ಡ್ ಕೊಡ್ಬೇಕಿತ್ತು. ನಾವೇ ಖಾಲಿ ಕಾರ್ಡ್ ಮೇಲೆ ಬರ್ಕೊಂಡಿದೀವಿ, ಅದು ಹಾಕಿದ್ರೆ ಯಾಕೆ ಅಂತ ಕೇಳೋ ಹಾಗಿಲ್ಲ.

ಪೇಪರ್ ದಪ್ಪ ಇದೆ, ಅಕ್ಷರ ದೊಡ್ಡದು. 5ಕ್ಕೆ 4 ಕೊಡ್ತೀನಿ, ಕ್ರಮ ಇಲ್ಲದ್ದಕ್ಕೆ ಒಂದು ಕಟ್.